ದೊಡ್ಡ ಕಾರು ಕಂಪನಿ ಕುಸಿಯುವುದೇಕೆ, ಸರ್ಕಾರ ಅದರ ಕೈಹಿಡಿಯಬೇಕೆ?

ಪ್ರಶ್ನೆ — ನಾಲ್ಕುಗಾಲಿ

ಜನರಲ್ ಮೋಟರ್ಸ್ 1931ರಿಂದ 2007ರವರೆಗೆ, ಸತತ 77 ವರ್ಷ, ಜಗತ್ತಿನಲ್ಲೇ ಅತಿ ಹೆಚ್ಚು ವಾಹನ ಮಾರಿದ ಕಂಪನಿ. 2009ರ ಜೂನ್ 1ರಂದು ಅದು ನ್ಯೂಯಾರ್ಕಿನ ದಿವಾಳಿ ನ್ಯಾಯಾಲಯದ ಮುಂದೆ ಬಂದು ನಿಂತಿತು. ತೋರಿಸಿದ ಆಸ್ತಿ 8,230 ಕೋಟಿ ಡಾಲರ್, ತೀರಿಸಬೇಕಾದ ಹೊಣೆ 17,280 ಕೋಟಿ ಡಾಲರ್. ಅದಕ್ಕೂ ಹಿಂದಿನ ವರ್ಷ 80 ಲಕ್ಷಕ್ಕಿಂತ ಹೆಚ್ಚು ವಾಹನ ಮಾರಿದ್ದ ಕಂಪನಿ ಇದು.

ಇಷ್ಟು ಮಾರಾಟ ಇದ್ದೂ ಒಂದು ಕಂಪನಿ ಹೇಗೆ ಮುಳುಗುತ್ತದೆ? ಬರೀ ಕಾರ್ಮಿಕ ಸಂಘಗಳ ಕಾಟ ಎಂದು ಕೆಲವರು, ಜಪಾನಿನ ಪೈಪೋಟಿ ಎಂದು ಕೆಲವರು, ಆಡಳಿತದ ಅಹಂಕಾರ ಎಂದು ಇನ್ನು ಕೆಲವರು ಹೇಳುತ್ತಾರೆ. ಒಳಗಿನ ಯಂತ್ರ ಹೇಗೆ ಕೆಡುತ್ತದೆ ಎಂದು ಬಲ್ಲವರು ಬಿಡಿಸಿ ಹೇಳಬೇಕು. ಎರಡನೆಯದು, ಇಂಥ ಕಂಪನಿಯನ್ನು ತೆರಿಗೆದಾರರ ಹಣದಿಂದ ಉಳಿಸುವುದು ಸರಿಯೆ? ಸರಿ ಅನ್ನುವುದಾದರೆ ಯಾವಾಗ, ಯಾವ ಷರತ್ತಿನ ಮೇಲೆ?

ಉತ್ತರ — ಡೈಶಾಪ್

ಮಾರಾಟದ ಸಂಖ್ಯೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಒಂದು ಕಾರ್ಖಾನೆಯ ಲೆಕ್ಕ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ.

ವರ್ಷಕ್ಕೆ 2,40,000 ಕಾರು ತಯಾರಿಸಬಲ್ಲ ಕಾರ್ಖಾನೆ. ಕಾರು ಮಾಡಲಿ ಬಿಡಲಿ ತಪ್ಪದ ಸ್ಥಿರ ವೆಚ್ಚ (ಯಂತ್ರ, ಅಚ್ಚು, ಬಡ್ಡಿ, ಸಂಬಳ, ಹೊಸ ಮಾದರಿಯ ವಿನ್ಯಾಸ) ವರ್ಷಕ್ಕೆ 72 ಕೋಟಿ ಡಾಲರ್. ಕಾರಿನ ಬೆಲೆ 20,000 ಡಾಲರ್, ಅದಕ್ಕೆ ಬೀಳುವ ಉಕ್ಕು, ಬಿಡಿಭಾಗ, ಸಾಗಣೆಯ ಖರ್ಚು 16,000. ಅಂದರೆ ಪ್ರತಿ ಕಾರಿನಿಂದ ಸ್ಥಿರ ವೆಚ್ಚದ ಕಡೆಗೆ 4,000 ಡಾಲರ್ ಬರುತ್ತದೆ. 1,80,000 ಕಾರು ಹೋದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಈಗ ಮಾದರಿ ಹಳೆಯದಾಯಿತು, 1,50,000 ಮಾತ್ರ ಮಾರಿತು. 12 ಕೋಟಿ ನಷ್ಟ. ಮಾರಾಟ ವಿಭಾಗದವರು 1,000 ಡಾಲರ್ ರಿಯಾಯಿತಿ ಕೊಡಿ ಅನ್ನುತ್ತಾರೆ. ಕೊಟ್ಟರು, ಮಾರಾಟ 2,00,000ಕ್ಕೆ ಜಿಗಿಯಿತು. ಪ್ರತಿ ಕಾರಿಗೆ ಉಳಿಯುವುದು ಈಗ 3,000, ಒಟ್ಟು 60 ಕೋಟಿ. ನಷ್ಟ ಮತ್ತೆ 12 ಕೋಟಿಯೇ. 50,000 ಕಾರು ಹೆಚ್ಚಿಗೆ ಮಾರಿಯೂ ಒಂದು ಡಾಲರ್ ಹೆಚ್ಚು ಬರಲಿಲ್ಲ. ಮೇಲಾಗಿ ಹೊಸ ಕಾರು ಅಗ್ಗವಾದ್ದರಿಂದ ಅದೇ ಮಾದರಿಯ ಹಳೆ ಕಾರುಗಳ ಮರುಮಾರಾಟದ ಬೆಲೆಯೂ ಇಳಿಯಿತು. ಕಾರನ್ನು ಮೂರು ವರ್ಷಕ್ಕೆ ಲೀಸ್ ಕೊಟ್ಟಿದ್ದ ಕಂಪನಿಯ ಹಣಕಾಸು ಅಂಗಕ್ಕೆ ಅವು ವಾಪಸು ಬಂದಾಗ ಅಲ್ಲೂ ನಷ್ಟ. ಮುಂದಿನ ವರ್ಷ ಗ್ರಾಹಕ ರಿಯಾಯಿತಿಗಾಗಿಯೇ ಕಾದು ಕೂರುತ್ತಾನೆ. ಜನರಲ್ ಮೋಟರ್ಸ್‌ಗೆ 2000ದ ದಶಕದಲ್ಲಿ ಆದದ್ದರ ಅರ್ಧ ಕಥೆ ಇಷ್ಟರಲ್ಲೇ ಇದೆ.

ಕಾರ್ಖಾನೆಯನ್ನು ನಿಧಾನ ಮಾಡಬಹುದಿತ್ತಲ್ಲ ಎಂದರೆ, ಸ್ಥಿರ ವೆಚ್ಚ ಇಳಿಯುವಂತಿರಲಿಲ್ಲ. ಕಾರ್ಮಿಕ ಸಂಘದ ಜೊತೆಗಿನ ಒಪ್ಪಂದದ ‘ಜಾಬ್ಸ್ ಬ್ಯಾಂಕ್’ ಪ್ರಕಾರ ಕೆಲಸವಿಲ್ಲದೆ ಕೂತವರಿಗೂ ಸಂಬಳದ ಬಹುಪಾಲು ಕೊಡಬೇಕಿತ್ತು. ಕೆಲಸಗಾರರ, ನಿವೃತ್ತರ ಮತ್ತು ಅವರ ಕುಟುಂಬದವರ ಆರೋಗ್ಯ ವಿಮೆಯ ಖರ್ಚೇ ಪ್ರತಿ ಕಾರಿನ ಮೇಲೆ ಸುಮಾರು 1,500 ಡಾಲರ್ ಬೀಳುತ್ತಿತ್ತು. ಆದರೆ ಈ ಒಪ್ಪಂದಗಳಿಗೆ ಸಹಿ ಹಾಕಿದ್ದು ಆಡಳಿತವೇ. ಮಾರುಕಟ್ಟೆ ಚೆನ್ನಾಗಿದ್ದ ವರ್ಷಗಳಲ್ಲಿ ಮುಷ್ಕರ ತಪ್ಪಿಸಲು ಇಂದಿನ ಸಂಬಳದ ಬದಲು ನಾಳೆಯ ಪಿಂಚಣಿ, ಆರೋಗ್ಯದ ಭರವಸೆ ಕೊಟ್ಟರು. ಆ ವರ್ಷದ ಲೆಕ್ಕದಲ್ಲಿ ಅದರ ಭಾರ ಕಾಣಲಿಲ್ಲ.

1962ರಲ್ಲಿ ಅಮೆರಿಕದಲ್ಲಿ ಮಾರಾಟವಾದ ವಾಹನಗಳಲ್ಲಿ ಅರ್ಧಕ್ಕೂ ಹೆಚ್ಚು ಅವರದು. 2008ರ ಹೊತ್ತಿಗೆ ಸುಮಾರು 22%. ಕಾರ್ಖಾನೆ, ಡೀಲರು, ಬ್ರ್ಯಾಂಡು, ಪಿಂಚಣಿದಾರರು ಎಲ್ಲವೂ 50%ಕ್ಕೆ ಹೊಲಿದ ಅಂಗಿ, ಮೈ ಮಾತ್ರ ಅರ್ಧವಾಗಿತ್ತು. ಬ್ರ್ಯಾಂಡ್ ಮುಚ್ಚುವುದೂ ಪುಕ್ಕಟೆಯಲ್ಲ: ರಾಜ್ಯಗಳ ಡೀಲರ್ ರಕ್ಷಣಾ ಕಾನೂನುಗಳಿಂದಾಗಿ ಓಲ್ಡ್ಸ್‌ಮೊಬೀಲ್ ಒಂದನ್ನು 2004ರಲ್ಲಿ ನಿಲ್ಲಿಸುವಾಗ ಡೀಲರುಗಳಿಗೆ 100 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ತೆರಬೇಕಾಯಿತು. ಹಾಗಾಗಿ ಉಳಿದವನ್ನು ಮುಟ್ಟಲಿಲ್ಲ.

ಇನ್ನು ಗ್ರಾಹಕ ಏಕೆ ಹೋದ ಎಂಬುದು. ಓಲ್ಡ್ಸ್‌ಮೊಬೀಲ್ 1978ರಲ್ಲಿ ತಂದ 5.7 ಲೀಟರಿನ ವಿ8 ಡೀಸೆಲ್ ಎಂಜಿನ್ ನೋಡಿ. ಪೆಟ್ರೋಲ್ ವಿ8ರ ವಿನ್ಯಾಸದಿಂದಲೇ ಅದು ಬಂದದ್ದು. ಬ್ಲಾಕನ್ನು ಗಟ್ಟಿ ಮಾಡಿದರು, ಆದರೆ ಸಿಲಿಂಡರ್ ಹೆಡ್ಡಿನ ಬೋಲ್ಟುಗಳ ಸಂಖ್ಯೆ, ಜಾಗ ಪೆಟ್ರೋಲ್ ಎಂಜಿನ್ನಿನದೇ. ಅದೇ ಉತ್ಪಾದನಾ ಸಾಲಿನ ಯಂತ್ರಗಳಲ್ಲಿ ಕೊರೆಯಬೇಕಿತ್ತಲ್ಲ. ಡೀಸೆಲ್ಲಿನ ಒತ್ತಡದ ಅನುಪಾತ 22.5:1, ಪೆಟ್ರೋಲ್ ಎಂಜಿನ್ನಿನದಕ್ಕಿಂತ ಬಹಳ ಹೆಚ್ಚು. ಬೋಲ್ಟು ಹಿಗ್ಗಿತು, ಗ್ಯಾಸ್ಕೆಟ್ ಹೋಯಿತು, ಕೂಲೆಂಟ್ ಸಿಲಿಂಡರಿಗೆ ಇಳಿಯಿತು. ಇಂಧನದಿಂದ ನೀರು ಬೇರ್ಪಡಿಸುವ ಫಿಲ್ಟರನ್ನೂ ಹಾಕಲಿಲ್ಲ, ಇಂಜೆಕ್ಷನ್ ಪಂಪುಗಳಿಗೆ ತುಕ್ಕು ಹಿಡಿಯಿತು. ಉಳಿಸಿದ್ದು ಪ್ರತಿ ಎಂಜಿನ್ನಿಗೆ ಕೆಲವೇ ಡಾಲರ್. ಕಳೆದುಕೊಂಡದ್ದು ಮನೆಮಂದಿಯೆಲ್ಲ ಒಂದೇ ಕಂಪನಿಯ ಕಾರು ಕೊಳ್ಳುತ್ತಿದ್ದ ಗ್ರಾಹಕರನ್ನು.

ಅವೇ ಕೈಗಳಿಂದ ಒಳ್ಳೆಯ ಕಾರು ಬರುತ್ತದೆ ಎಂಬುದಕ್ಕೂ ಪುರಾವೆ ಅವರ ಮನೆಯಲ್ಲೇ ಇತ್ತು. ಕ್ಯಾಲಿಫೋರ್ನಿಯಾದ ಫ್ರಿಮಾಂಟ್ ಕಾರ್ಖಾನೆಯನ್ನು 1982ರಲ್ಲಿ ಮುಚ್ಚಿದ್ದರು. 1984ರಲ್ಲಿ ಟೊಯೋಟಾ ಜೊತೆ ಸೇರಿ ‘ನುಮ್ಮಿ’ ಹೆಸರಿನಲ್ಲಿ ತೆರೆದಾಗ ಕೆಲಸಗಾರರಲ್ಲಿ ಹೆಚ್ಚಿನವರು ಹಳಬರೇ, ಸಂಘವೂ ಅದೇ. ದೋಷ ಕಂಡ ಯಾರೇ ಆಗಲಿ ಹಗ್ಗ ಎಳೆದು ಸಾಲನ್ನು ನಿಲ್ಲಿಸಬಹುದು ಎಂಬ ಪದ್ಧತಿ ಬಂತು. ಗುಣಮಟ್ಟ ಜಪಾನಿನ ಮಟ್ಟಕ್ಕೆ ಏರಿತು. ಉಳಿದ ಕಾರ್ಖಾನೆಗಳಿಗೆ ಇದು ಹಬ್ಬಲು ವರ್ಷಗಟ್ಟಲೆ ಹಿಡಿಯಿತು. ಹಗ್ಗ ಕಟ್ಟುವುದು ಸುಲಭ. ಹಗ್ಗ ಎಳೆದಾಗ ಮೇಸ್ತ್ರಿ ಓಡಿ ಬರಬೇಕು, ಬಿಡಿಭಾಗ ಸರಿಯಿಲ್ಲದಿದ್ದರೆ ಪೂರೈಕೆದಾರನಿಗೆ, ವಿನ್ಯಾಸ ಸರಿಯಿಲ್ಲದಿದ್ದರೆ ಎಂಜಿನಿಯರಿಗೆ ಆ ದಿನವೇ ಸುದ್ದಿ ಮುಟ್ಟಬೇಕು. ಆ ವ್ಯವಸ್ಥೆ ಇಲ್ಲದ ಕಡೆ ಹಗ್ಗ ಎಳೆದವನಿಗೆ ಬೈಗುಳವೇ ಸಿಗುತ್ತದೆ, ಹಾಗಾಗಿ ಯಾರೂ ಎಳೆಯುವುದಿಲ್ಲ.

ಉತ್ತರ — ಜಮಾಖರ್ಚು

ಡೈಶಾಪ್ ಅವರು ಹೇಳಿದ್ದು ನಿಧಾನ ವಿಷ. ಆದರೆ ಕಂಪನಿ ಸಾಯುವ ದಿನ ಅದು ಸಾಯುವುದು ನಗದಿಲ್ಲದೆ. ಈ ವ್ಯತ್ಯಾಸ ಮನಸ್ಸಿಗೆ ಬಾರದೆ ಸರ್ಕಾರ ಏನು ಮಾಡಬೇಕೆಂಬ ಚರ್ಚೆ ಮುಂದೆ ಹೋಗುವುದಿಲ್ಲ.

ಜನರಲ್ ಮೋಟರ್ಸ್ 2007ರಲ್ಲಿ ತೋರಿಸಿದ ನಷ್ಟ 3,870 ಕೋಟಿ ಡಾಲರ್. ಅದರಲ್ಲಿ ಬಹುಪಾಲು ಪುಸ್ತಕದ ನಷ್ಟ: ಮುಂದೆ ಲಾಭ ಬಂದಾಗ ತೆರಿಗೆಯಲ್ಲಿ ಕಳೆದುಕೊಳ್ಳಬಹುದು ಎಂದು ಆಸ್ತಿಯಾಗಿ ಬರೆದಿದ್ದನ್ನು, ಲಾಭವೇ ಬರುವಂತಿಲ್ಲ ಎಂದು ಹೊಡೆದು ಹಾಕಿದ್ದು. ಅಷ್ಟು ದೊಡ್ಡ ನಷ್ಟದ ನಂತರವೂ ಕಂಪನಿ ನಡೆಯುತ್ತಿತ್ತು. ಮುಂದಿನ ವರ್ಷದ ನಷ್ಟ 3,090 ಕೋಟಿ, ಅದಕ್ಕಿಂತ ಕಡಿಮೆ. ಆ ವರ್ಷವೇ ಅದು ಸರ್ಕಾರದ ಮುಂದೆ ಕೈಚಾಚಿತು.

ಕಾರು ಕಂಪನಿ ಪೂರೈಕೆದಾರರಿಗೆ ಹಣ ಕೊಡುವುದು 45ರಿಂದ 60 ದಿನ ಬಿಟ್ಟು. ಕಾರು ಕಾರ್ಖಾನೆಯಿಂದ ಡೀಲರಿಗೆ ಹೊರಟ ಕೂಡಲೇ ಡೀಲರಿನ ಪರವಾಗಿ ಬ್ಯಾಂಕು ಅಥವಾ ಹಣಕಾಸು ಕಂಪನಿ ದುಡ್ಡು ಕೊಡುತ್ತದೆ. ಅಂದರೆ ಮೊದಲು ಹಣ ಬರುತ್ತದೆ, ಆಮೇಲೆ ಹೋಗುತ್ತದೆ. ದಿನಕ್ಕೆ 10 ಕೋಟಿ ಡಾಲರಿನ ಬಿಡಿಭಾಗ ಕೊಳ್ಳುವ ಕಂಪನಿ 50 ದಿನದ ಸಾಲ ಇಟ್ಟುಕೊಂಡರೆ 500 ಕೋಟಿ ಬೇರೆಯವರ ದುಡ್ಡಿನಲ್ಲಿ ನಡೆಯುತ್ತಿದೆ. ಮಾರಾಟ ಏರುವಾಗ ಇದು ಬಡ್ಡಿಯಿಲ್ಲದ ಸಾಲ. ಉತ್ಪಾದನೆಯನ್ನು 40% ಇಳಿಸಿ ನೋಡಿ: ದಿನದ ಖರೀದಿ 6 ಕೋಟಿ, ಬಾಕಿ 300 ಕೋಟಿ. ಉಳಿದ 200 ಕೋಟಿ ಮುಂದಿನ 50 ದಿನಗಳಲ್ಲಿ ಕೈಬಿಟ್ಟು ಹೋಗುತ್ತದೆ. ಹಳೆಯ ದೊಡ್ಡ ಬಿಲ್ಲು ಕಟ್ಟಬೇಕು, ಹೊಸದಾಗಿ ಬರುವ ಹಣ ಮಾತ್ರ ಚಿಕ್ಕದು. ನಷ್ಟದ ಲೆಕ್ಕ ಇದರ ಮೇಲೆ ಬೇರೆ.

ಅಮೆರಿಕದ ಮಾರುಕಟ್ಟೆ 2007ರ 1.61 ಕೋಟಿ ವಾಹನಗಳಿಂದ 2009ರಲ್ಲಿ 1.04 ಕೋಟಿಗೆ ಇಳಿಯಿತು. 2008ರ ಬೇಸಿಗೆಯಲ್ಲಿ ಪೆಟ್ರೋಲ್ ಗ್ಯಾಲನ್ನಿಗೆ 4 ಡಾಲರ್ ದಾಟಿ, ಲಾಭ ತರುತ್ತಿದ್ದ ಟ್ರಕ್ಕು, ಎಸ್‌ಯುವಿಗಳೇ ಮೊದಲು ನಿಂತವು. ಸೆಪ್ಟೆಂಬರಿನಲ್ಲಿ ಲೀಮನ್ ಬ್ರದರ್ಸ್ ಬಿದ್ದು ಗ್ರಾಹಕನಿಗೆ ಕಾರು ಸಾಲ, ಡೀಲರಿಗೆ ದಾಸ್ತಾನು ಸಾಲ ಎರಡೂ ಬತ್ತಿದವು. ಆ ತಿಂಗಳ ಕೊನೆಗೆ ಜನರಲ್ ಮೋಟರ್ಸ್ ಬಳಿ ಇದ್ದ ನಗದು 1,620 ಕೋಟಿ ಡಾಲರ್; ಮೂರು ತಿಂಗಳಲ್ಲಿ ಸುಮಾರು 690 ಕೋಟಿ ಖರ್ಚಾಗಿತ್ತು. ಕಂಪನಿ ನಡೆಯಲು ಕನಿಷ್ಠ 1,100ರಿಂದ 1,400 ಕೋಟಿ ಬೇಕೆಂದು ಅವರೇ ಹೇಳಿದ್ದರು. ಪೆಟ್ಟಿಗೆಯಲ್ಲಿ ಸಾವಿರ ಕೋಟಿ ಇದ್ದರೂ ಅದು ಖಾಲಿ ಪೆಟ್ಟಿಗೆಯೇ, ಏಕೆಂದರೆ ತಿಂಗಳ ಒಂದೇ ದಿನ ಪೂರೈಕೆದಾರರಿಗೆ ಹಲವು ನೂರು ಕೋಟಿ ಹೋಗುತ್ತದೆ.

ಫೋರ್ಡ್ ಹೇಗೆ ಉಳಿಯಿತು ಎಂದರೆ, 2006ರ ಕೊನೆಯಲ್ಲಿ, ಸಾಲ ಅಗ್ಗವಾಗಿದ್ದಾಗ, ಕಾರ್ಖಾನೆಗಳಿಂದ ಹಿಡಿದು ನೀಲಿ ಲಾಂಛನದವರೆಗೆ ಎಲ್ಲವನ್ನೂ ಅಡವಿಟ್ಟು 2,360 ಕೋಟಿ ಡಾಲರ್ ಎತ್ತಿತ್ತು. ಜನರಲ್ ಮೋಟರ್ಸ್, ಫೋರ್ಡ್, ಕ್ರೈಸ್ಲರ್ ಮೂರೂ ಕಂಪನಿಗಳ ರೋಗ ಹೆಚ್ಚುಕಡಿಮೆ ಒಂದೇ. ಫೋರ್ಡ್ ಬಳಿ ಎರಡು ವರ್ಷದ ಮದ್ದಿತ್ತು. ಆದರೂ ಅದರ ಮುಖ್ಯಸ್ಥ ಅಲನ್ ಮುಲಾಲಿ ಅಮೆರಿಕದ ಸಂಸತ್ತಿನಲ್ಲಿ ನಿಂತು ಪ್ರತಿಸ್ಪರ್ಧಿಗಳಿಗೆ ಹಣ ಕೊಡಿ ಎಂದು ವಾದಿಸಿದರು. ಸೀಟು, ವೈರಿಂಗ್, ಆಕ್ಸಲ್ ಮಾಡುವ ಪೂರೈಕೆದಾರರು ಮೂವರಿಗೂ ಅವರೇ. ಜನರಲ್ ಮೋಟರ್ಸ್ ಹಠಾತ್ತನೆ ನಿಂತು ಹಳೆ ಬಿಲ್ಲು ಬಾಕಿ ಉಳಿದರೆ ಆ ಪೂರೈಕೆದಾರ ಎರಡು ತಿಂಗಳೂ ಬಾಳುವುದಿಲ್ಲ, ಒಂದು ವೈರಿಂಗ್ ಕಟ್ಟು ಬಾರದಿದ್ದರೆ ಫೋರ್ಡಿನ ಸಾಲೂ ನಿಲ್ಲುತ್ತದೆ.

ನನ್ನ ಅಭಿಪ್ರಾಯ: ನಗದಿನ ಕಾಯಿಲೆಗೆ ಸರ್ಕಾರ ಸಾಲ ಕೊಡಬಹುದು, ಮಾರುಕಟ್ಟೆಯಲ್ಲಿ ಯಾರೂ ಕೊಡದ ಹೊತ್ತಿನಲ್ಲಿ ಕೊಡಲೇಬೇಕು. ಕಾರಿನ ಕಾಯಿಲೆಗೆ ಸರ್ಕಾರದ ಬಳಿ ಔಷಧಿ ಇಲ್ಲ.

ಉತ್ತರ — ಹಳೇಎಂಜಿನ್

ಜಮಾಖರ್ಚು ಅವರ ಕೊನೆಯ ಮಾತಿಗೆ ಬ್ರಿಟಿಷ್ ಲೇಲ್ಯಾಂಡಿಗಿಂತ ದೊಡ್ಡ ಸಾಕ್ಷಿ ಬೇಡ. ಸರ್ಕಾರ ಕೈಹಾಕಬಾರದು ಎಂಬ ಕಡೆಗೆ ನಾನು ವಾಲುವುದೂ ಅದರಿಂದಲೇ.

1968ರಲ್ಲಿ ಸರ್ಕಾರವೇ ಒತ್ತಾಸೆಯಾಗಿ ನಿಂತು ಆಸ್ಟಿನ್, ಮಾರಿಸ್, ಎಂಜಿ, ಜಾಗ್ವಾರ್, ರೋವರ್, ಟ್ರಯಂಫ್ ಎಲ್ಲವನ್ನೂ ಒಂದೇ ಸೂರಿನಡಿ ತಂದಿತು. ಆಗ ಬ್ರಿಟನ್ನಿನ ಮಾರುಕಟ್ಟೆಯಲ್ಲಿ ಅವರ ಪಾಲು ಸುಮಾರು 40%. ಒಂದಾದದ್ದು ಹೆಸರಿಗೆ. ರೋವರ್ 2000 ಮತ್ತು ಟ್ರಯಂಫ್ 2000 ಎರಡೂ ಒಂದೇ ಗ್ರಾಹಕನಿಗೆ, ಒಂದೇ ಕಂಪನಿಯಿಂದ, ಬೇರೆ ಬೇರೆ ಎಂಜಿನ್, ಬೇರೆ ಬೇರೆ ಬಿಡಿಭಾಗಗಳೊಡನೆ. ಎಂಜಿ ಮತ್ತು ಟ್ರಯಂಫ್ ಸ್ಪೋರ್ಟ್ಸ್ ಕಾರುಗಳ ಕಥೆಯೂ ಇದೇ. ಎರಡು ಮಾದರಿಗೆ ಎರಡು ಜೊತೆ ಅಚ್ಚು, ಎರಡು ಜೊತೆ ಪರೀಕ್ಷೆ. ಹಣ ಹಂಚಿಹೋಗಿ ಯಾವುದೂ ಪೂರ್ತಿ ಆಗಲಿಲ್ಲ. 1973ರ ಆಸ್ಟಿನ್ ಅಲೆಗ್ರೊ ಅಂಥ ಹೊತ್ತಿನಲ್ಲಿ ಬಂದ ಕಾರು.

1975ರಲ್ಲಿ ಸರ್ಕಾರ ಬರೆಸಿದ ರೈಡರ್ ವರದಿಯ ಮೇರೆಗೆ ಕಂಪನಿ ರಾಷ್ಟ್ರೀಕರಣವಾಯಿತು. ಆ ವರದಿ ಮಾರಾಟ ಏರುತ್ತದೆ ಎಂದು ನಂಬಿ ಬರೆದದ್ದು. ಅದನ್ನು ನಂಬಿದ್ದರಿಂದ ಕಾರ್ಖಾನೆ ಮುಚ್ಚುವ ಕಹಿ ನಿರ್ಧಾರ ಮುಂದಕ್ಕೆ ಹೋಯಿತು. ಎಲ್ಲ ಕಾರ್ಖಾನೆಗೂ ಒಬ್ಬೊಬ್ಬ ಸಂಸದ, ಎಲ್ಲ ಸಂಸದರಿಗೂ ಮುಂದಿನ ಚುನಾವಣೆ. 1977ರಲ್ಲಿ ಮುಖ್ಯಸ್ಥರಾಗಿ ಬಂದ ಮೈಕೆಲ್ ಎಡ್ವರ್ಡ್ಸ್ ಸ್ಪೀಕ್‌ನಲ್ಲಿ ಟ್ರಯಂಫ್ ಕಾರ್ಖಾನೆಯನ್ನೂ ಅಬಿಂಗ್ಡನ್ನಿನ ಎಂಜಿ ಕಾರ್ಖಾನೆಯನ್ನೂ ಮುಚ್ಚಿದರು, 1979ರಲ್ಲಿ ಹೋಂಡಾ ಜೊತೆ ಒಪ್ಪಂದ ಮಾಡಿಕೊಂಡರು. ಸರಿಯಾದ ಕೆಲಸ, ಆದರೆ ಹತ್ತು ವರ್ಷ ತಡ. ಅಷ್ಟರಲ್ಲಿ ಫೋರ್ಡ್ ಎಸ್ಕಾರ್ಟ್, ಕಾರ್ಟಿನಾಗಳು ಕಂಪನಿಗಳ ಸಗಟು ಖರೀದಿಯನ್ನು ಕೊಂಡೊಯ್ದಿದ್ದವು.

ಮುಂದೆ 1988ರಲ್ಲಿ ಬ್ರಿಟಿಷ್ ಏರೋಸ್ಪೇಸಿಗೆ 15 ಕೋಟಿ ಪೌಂಡಿಗೆ, 1994ರಲ್ಲಿ ಬಿಎಂಡಬ್ಲ್ಯೂಗೆ 80 ಕೋಟಿ ಪೌಂಡಿಗೆ, 2000ದಲ್ಲಿ ಸ್ಥಳೀಯ ಉದ್ಯಮಿಗಳ ಗುಂಪಿಗೆ 10 ಪೌಂಡಿಗೆ ಹೋಯಿತು. ಕೋಟಿ ಅಲ್ಲ, ಹತ್ತೇ ಪೌಂಡು. ಎಂಜಿ ರೋವರ್ ಎಂಬ ಹೆಸರಿಗೆ ಬಂದಿದ್ದ ಆ ಕಂಪನಿ 2005ರ ಏಪ್ರಿಲಿನಲ್ಲಿ ಬಿದ್ದಾಗ ಸರ್ಕಾರ ಒಂದು ವಾರದ ಸಂಬಳಕ್ಕೆಂದು 65 ಲಕ್ಷ ಪೌಂಡ್ ಸಾಲ ಕೊಟ್ಟು ಚೀನಾದ ಕೊಳ್ಳುಗರಿಗಾಗಿ ಕಾದು ನೋಡಿತು. ಯಾರೂ ಬರಲಿಲ್ಲ. ಸುಮಾರು 6,000 ಮಂದಿಯ ಕೆಲಸ ಹೋಯಿತು.

1975ರಲ್ಲೇ ಆ ಹಣವನ್ನು ಕೆಲಸಗಾರರ ಮರುತರಬೇತಿಗೆ, ಪೂರೈಕೆದಾರರಿಗೆ ಬೇರೆ ಗಿರಾಕಿ ಹುಡುಕಿಕೊಡುವುದಕ್ಕೆ ಹಾಕಿದ್ದರೆ ಈ ಕಾರ್ಖಾನೆಗಳಿದ್ದ ಮಿಡ್‌ಲ್ಯಾಂಡ್ಸ್ ಪ್ರದೇಶಕ್ಕೆ 30 ವರ್ಷ ಮೊದಲೇ ಹೊಸ ಬದುಕು ಸಿಗುತ್ತಿತ್ತು ಎಂದು ನಾನು ದೃಢವಾಗಿ ನಂಬುತ್ತೇನೆ. ಕೆಲಸಗಾರನನ್ನು ಉಳಿಸಲು ಷೇರುದಾರನ ಲಾಂಛನವನ್ನು ಉಳಿಸಬೇಕಿಲ್ಲ.

ಉತ್ತರ — ಕಲಂ363

ಹಳೇಎಂಜಿನ್ ಅವರ ಮಾತನ್ನು ಒಪ್ಪುತ್ತಲೇ ಒಂದು ಭಿನ್ನತೆ ಹೇಳಬೇಕು. ಬ್ರಿಟನ್ ಮಾಡಿದ್ದು ಹಳೆ ಕಂಪನಿಯನ್ನು ಅದರ ಎಲ್ಲ ಭಾರದೊಂದಿಗೆ ಕೊಂಡದ್ದು. 2009ರಲ್ಲಿ ಅಮೆರಿಕ ಮಾಡಿದ್ದು ದಿವಾಳಿ ಕಾನೂನಿನ ಮೂಲಕ ಭಾರವನ್ನು ಕೆಳಗಿಳಿಸಿ ಕೊಂಡದ್ದು. ಹೇಗೆಂದು ಹಂತಹಂತವಾಗಿ ಹೇಳುತ್ತೇನೆ, ಏಕೆಂದರೆ ‘ಬೇಲ್‌ಔಟ್’ ಎಂಬ ಒಂದೇ ಪದದಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ.

2008ರ ಡಿಸೆಂಬರ್ 11ರಂದು ಸೆನೆಟ್‌ನಲ್ಲಿ ನೆರವಿನ ಮಸೂದೆ ಬಿತ್ತು. ಡಿಸೆಂಬರ್ 19ರಂದು ಅಧ್ಯಕ್ಷ ಬುಷ್ ಬ್ಯಾಂಕುಗಳಿಗೆಂದು ಇಟ್ಟಿದ್ದ ನಿಧಿಯಿಂದ 1,740 ಕೋಟಿ ಡಾಲರ್ ಸಾಲ ಘೋಷಿಸಿದರು: ಜನರಲ್ ಮೋಟರ್ಸ್‌ಗೆ 1,340, ಕ್ರೈಸ್ಲರಿಗೆ 400. ಇದು ಕಾಲಾವಕಾಶ ಕೊಳ್ಳುವ ಹಣ. ಫೆಬ್ರವರಿಯಲ್ಲಿ ಎರಡೂ ಕಂಪನಿಗಳು ಪುನಶ್ಚೇತನ ಯೋಜನೆ ಕೊಟ್ಟವು. ಮಾರ್ಚ್ 30ರಂದು ಒಬಾಮಾ ಸರ್ಕಾರ ಎರಡನ್ನೂ ತಿರಸ್ಕರಿಸಿತು, ಜನರಲ್ ಮೋಟರ್ಸ್ ಮುಖ್ಯಸ್ಥ ರಿಕ್ ವ್ಯಾಗನರ್ ಇಳಿಯಬೇಕಾಯಿತು. ಜನರಲ್ ಮೋಟರ್ಸ್‌ಗೆ 60 ದಿನ, ಕ್ರೈಸ್ಲರಿಗೆ 30 ದಿನ ಗಡುವು. ಅದೇ ಹೊತ್ತಿಗೆ ಕಾರು ಕೊಂಡವರ ವಾರಂಟಿಗೆ ಸರ್ಕಾರವೇ ಜಾಮೀನು ನಿಂತಿತು, ಪೂರೈಕೆದಾರರ ಬಾಕಿಗೆ 500 ಕೋಟಿ ಡಾಲರ್ ಬೇರೆ ಎತ್ತಿಟ್ಟಿತು. ಈ ಎರಡು ಇಲ್ಲದಿದ್ದರೆ ದಿವಾಳಿ ಎಂಬ ಸುದ್ದಿಗೇ ಗ್ರಾಹಕ ಓಡಿಹೋಗುತ್ತಿದ್ದ. ಐದು ವರ್ಷ ಬಿಡಿಭಾಗ ಸಿಗುತ್ತದೋ ಇಲ್ಲವೋ ತಿಳಿಯದ ಕಾರನ್ನು ಯಾರು ಕೊಳ್ಳುತ್ತಾರೆ?

ನಂತರ ದಿವಾಳಿ ಸಂಹಿತೆಯ 363ನೇ ಕಲಂ. ಸರ್ಕಾರದ ಹಣದಿಂದ ಹೊಸದೊಂದು ಕಂಪನಿ ಹುಟ್ಟುತ್ತದೆ. ಅದು ನ್ಯಾಯಾಲಯದ ಒಪ್ಪಿಗೆಯಿಂದ ಹಳೆ ಕಂಪನಿಯ ಒಳ್ಳೆಯ ಕಾರ್ಖಾನೆ, ಬ್ರ್ಯಾಂಡು, ಒಪ್ಪಂದಗಳನ್ನು ಮಾತ್ರ ಕೊಳ್ಳುತ್ತದೆ. ಬೇಡದ ಕಾರ್ಖಾನೆ, ಹಳೆ ಸಾಲ, ಮಾಲಿನ್ಯದ ಹೊಣೆ ಇತ್ಯಾದಿ ‘ಮೋಟರ್ಸ್ ಲಿಕ್ವಿಡೇಶನ್ ಕಂಪನಿ’ ಎಂಬ ಹೊಸ ಹೆಸರಿನ ಹಳೆ ಕಂಪನಿಯಲ್ಲಿ ಉಳಿಯುತ್ತದೆ. ಜೂನ್ 1ರಂದು ಒಳಗೆ ಹೋದದ್ದು ಜುಲೈ 10ರಂದು ಹೊರಗೆ ಬಂತು. ಹಳೆ ಷೇರುದಾರರಿಗೆ ಸೊನ್ನೆ. ಹೊಸ ಕಂಪನಿಯಲ್ಲಿ ಅಮೆರಿಕ ಸರ್ಕಾರಕ್ಕೆ 60.8%, ನಿವೃತ್ತ ಕಾರ್ಮಿಕರ ಆರೋಗ್ಯದ ಖರ್ಚು ನೋಡಿಕೊಳ್ಳುವ ಟ್ರಸ್ಟಿಗೆ 17.5%, ಕೆನಡಾ ಮತ್ತು ಒಂಟಾರಿಯೊ ಸರ್ಕಾರಗಳಿಗೆ 11.7%, ಸುಮಾರು 2,700 ಕೋಟಿ ಡಾಲರ್ ಬಾಂಡು ಹಿಡಿದಿದ್ದವರಿಗೆ 10%. ಪಾಂಟಿಯಾಕ್, ಸ್ಯಾಟರ್ನ್, ಹಮ್ಮರ್ ಮುಚ್ಚಿದವು. ಡೀಲರುಗಳ ಸಂಖ್ಯೆ ಇಳಿಯಿತು. ಡೈಶಾಪ್ ಹೇಳಿದ ಓಲ್ಡ್ಸ್‌ಮೊಬೀಲ್ ಪರಿಹಾರದ ತೊಡಕನ್ನು ದಿವಾಳಿ ನ್ಯಾಯಾಲಯ ಕತ್ತರಿಸಿ ಹಾಕಿತು. ನ್ಯಾಯಾಲಯವಿಲ್ಲದೆ ಬರೀ ಸಾಲ ಕೊಟ್ಟಿದ್ದರೆ ಇವುಗಳಲ್ಲಿ ಒಂದೂ ಆಗುತ್ತಿರಲಿಲ್ಲ.

ದೋಷಗಳೂ ಇವೆ, ಅವನ್ನು ಬಚ್ಚಿಡಬಾರದು. ಕ್ರೈಸ್ಲರಿನಲ್ಲಿ ಅಡಮಾನದ ಮೇಲೆ 690 ಕೋಟಿ ಕೊಟ್ಟಿದ್ದವರಿಗೆ ಸಿಕ್ಕಿದ್ದು 200 ಕೋಟಿ, ಅಂದರೆ ಡಾಲರಿಗೆ 29 ಸೆಂಟ್. ಅಡಮಾನವಿಲ್ಲದ ಕಾರ್ಮಿಕ ಟ್ರಸ್ಟಿಗೆ ಹೊಸ ಕಂಪನಿಯ 55%. ಇಂಡಿಯಾನಾ ರಾಜ್ಯದ ಪಿಂಚಣಿ ನಿಧಿಗಳು ಸುಪ್ರೀಂ ಕೋರ್ಟಿನವರೆಗೆ ಹೋದರೂ ಮಾರಾಟಕ್ಕೆ ತಡೆ ಸಿಗಲಿಲ್ಲ. ಜನರಲ್ ಮೋಟರ್ಸ್‌ನಿಂದ ಹಿಂದೆ ಬೇರ್ಪಟ್ಟಿದ್ದ ಬಿಡಿಭಾಗದ ಕಂಪನಿ ಡೆಲ್ಫಿಯಲ್ಲಿ ಸಂಘದ ನಿವೃತ್ತರಿಗೆ ಪಿಂಚಣಿ ತುಂಬಿಕೊಟ್ಟರು, ಸಂಘವಿಲ್ಲದ ಸಂಬಳದಾರರಿಗೆ ಕಡಿತ ಬಿತ್ತು. ಇದು ಅನ್ಯಾಯ ಎಂದೇ ನನ್ನ ಅನಿಸಿಕೆ.

ಹಣದ ಲೆಕ್ಕ: ಜನರಲ್ ಮೋಟರ್ಸ್‌ಗೆ ಹಾಕಿದ್ದು ಸುಮಾರು 4,950 ಕೋಟಿ ಡಾಲರ್, 2013ರ ಡಿಸೆಂಬರಿನಲ್ಲಿ ಕೊನೆಯ ಷೇರು ಮಾರಿದಾಗ ವಾಪಸು ಬಂದಿದ್ದು ಸುಮಾರು 3,900 ಕೋಟಿ. ಇದಲ್ಲದೆ ಹಳೆ ಕಂಪನಿಯ ಸುಮಾರು 4,500 ಕೋಟಿ ಡಾಲರಿನಷ್ಟು ನಷ್ಟವನ್ನು ಹೊಸ ಕಂಪನಿ ಮುಂದಿನ ಲಾಭದಿಂದ ಕಳೆದುಕೊಳ್ಳಲು ತೆರಿಗೆ ಇಲಾಖೆ ಬಿಟ್ಟಿತು. ಅದೂ ನೆರವೇ, ಲೆಕ್ಕದ ಪಟ್ಟಿಯಲ್ಲಿ ಬರುವುದಿಲ್ಲ ಅಷ್ಟೆ.

ಮತ್ತೆ ಕೇಳಿದ್ದು — ನಾಲ್ಕುಗಾಲಿ

ತುಂಬ ಉಪಕಾರವಾಯಿತು. ಹಾಗಾದರೆ ಒಂದು ಕಂಪನಿಗೆ ಬಂದಿರುವುದು ನಗದಿನ ಕಾಯಿಲೆಯೋ ಕಾರಿನ ಕಾಯಿಲೆಯೋ ಎಂದು ಮುಂಚಿತವಾಗಿ ತಿಳಿಯುವುದು ಹೇಗೆ? ಸಾಮಾನ್ಯವಾಗಿ ಎರಡೂ ಒಟ್ಟಿಗೇ ಬರುತ್ತವಲ್ಲ.

ಉತ್ತರ — ಡೈಶಾಪ್

ಮುಂದಿನ ಮೂರು ವರ್ಷದಲ್ಲಿ ಹೊರಬರಲಿರುವ ಮಾದರಿಗಳ ಪಟ್ಟಿ ಕೇಳಿ. ಹಣ ಕಡಿಮೆಯಾದಾಗ ಮೊದಲು ಮುಂದೂಡುವುದು ಅದನ್ನೇ, ಏಕೆಂದರೆ ಅದರ ನೋವು ಈ ವರ್ಷ ಕಾಣುವುದಿಲ್ಲ. ಅಚ್ಚಿಗೆ ಉಕ್ಕು ಆರ್ಡರ್ ಆಗಿದೆಯೆ, ಪರೀಕ್ಷಾ ವಾಹನಗಳು ಓಡುತ್ತಿವೆಯೆ, ಪೂರೈಕೆದಾರರಿಗೆ ಒಪ್ಪಂದ ಹೋಗಿದೆಯೆ? ಚಿತ್ರ ಮಾತ್ರ ಇದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕ್ರೈಸ್ಲರ್ 1979ರಲ್ಲಿ ಮುಳುಗುತ್ತಿದ್ದಾಗ ಸರ್ಕಾರ ಕೊಟ್ಟದ್ದು 150 ಕೋಟಿ ಡಾಲರಿನವರೆಗಿನ ಸಾಲಕ್ಕೆ ಜಾಮೀನು. ಸಂಘ, ಬ್ಯಾಂಕು, ಡೀಲರು ಎಲ್ಲರೂ ತಮ್ಮ ಪಾಲು ಬಿಡಬೇಕೆಂಬ ಷರತ್ತಿತ್ತು. ಕಂಪನಿಯ ಮುಖ್ಯಸ್ಥ ಲೀ ಅಯಕೋಕಾ ಕೈಯಲ್ಲಿ 1981ರ ‘ಕೆ’ ಕಾರುಗಳು ತಯಾರಾಗುತ್ತಿದ್ದವು: ಮುಂಚಕ್ರ ಚಾಲನೆ, ಕಡಿಮೆ ಪೆಟ್ರೋಲ್, ಅದೇ ತಳಹದಿಯ ಮೇಲೆ ಮುಂದೆ ಹತ್ತಾರು ಮಾದರಿ. 1983ರಲ್ಲಿ ಏಳು ವರ್ಷ ಮೊದಲೇ ಸಾಲ ತೀರಿತು, ಸರ್ಕಾರಕ್ಕೆ ಷೇರು ಹಕ್ಕುಪತ್ರಗಳಿಂದ 31 ಕೋಟಿ ಡಾಲರ್ ಲಾಭವೂ ಬಂತು. ಜಪಾನ್ 1981ರಿಂದ ರಫ್ತನ್ನು ವರ್ಷಕ್ಕೆ 16.8 ಲಕ್ಷ ಕಾರಿಗೆ ಮಿತಿಗೊಳಿಸಿದ್ದೂ ನೆರವಾಯಿತು; ಅದರ ಬೆಲೆ ತೆತ್ತವನು ಅಮೆರಿಕದ ಗ್ರಾಹಕ. ಆದರೂ ಕಾರು ತಯಾರಿಲ್ಲದಿದ್ದರೆ ಜಾಮೀನು ನೀರಿಗೆ ಹೋಗುತ್ತಿತ್ತು.

ಉತ್ತರ — ಜಮಾಖರ್ಚು

ಡೈಶಾಪ್ ಅವರ ಪಟ್ಟಿಯ ಜೊತೆಗೆ ಹೊರಗಿನಿಂದಲೇ ಕಾಣುವ ಕೆಲವು ಗುರುತುಗಳಿವೆ. ಡೀಲರುಗಳ ಅಂಗಳದಲ್ಲಿ ಎಷ್ಟು ದಿನದ ದಾಸ್ತಾನಿದೆ ನೋಡಿ. ಅಮೆರಿಕದಲ್ಲಿ 60 ದಿನ ಸಹಜ, 100 ದಾಟಿದರೆ ಕಾರ್ಖಾನೆ ಗ್ರಾಹಕನಿಗಲ್ಲ, ಅಂಗಳಕ್ಕೆ ಕಾರು ಮಾಡುತ್ತಿದೆ. ಕಾರು ಡೀಲರಿಗೆ ಹೊರಟಾಗಲೇ ಕಂಪನಿ ಮಾರಾಟವೆಂದು ಬರೆಯುವುದರಿಂದ ಲಾಭನಷ್ಟದ ಪಟ್ಟಿಯಲ್ಲಿ ಇದು ಒಂದೆರಡು ತ್ರೈಮಾಸಿಕ ತಡವಾಗಿ ಗೊತ್ತಾಗುತ್ತದೆ. ಪೂರೈಕೆದಾರರ ಪಾವತಿ 50 ದಿನದಿಂದ 70, 80ಕ್ಕೆ ಎಳೆಯುತ್ತಿದ್ದರೆ ನಗದಿನ ಕಾಯಿಲೆ ಶುರುವಾಗಿದೆ. ಕಾರಿನ ಕಾಯಿಲೆ ಗೊತ್ತಾಗುವುದು ಮೂರು ವರ್ಷ ಹಳೆಯ ಕಾರಿನ ಬೆಲೆಯಲ್ಲಿ. ಪ್ರತಿಸ್ಪರ್ಧಿಯ ಅದೇ ವಯಸ್ಸಿನ ಕಾರಿಗಿಂತ ಅದು ತೀರ ಕಡಿಮೆಗೆ ಹೋಗುತ್ತಿದ್ದರೆ ಜನರ ನಂಬಿಕೆ ಹೋಗಿದೆ. ಸರ್ಕಾರ ಎಷ್ಟು ಸಾಲ ಕೊಟ್ಟರೂ ಅದು ರಿಯಾಯಿತಿಗೆ ಖರ್ಚಾಗುತ್ತದೆ.

ಇವತ್ತಿನ ನಿಸಾನ್ ಮೇಲೆ ಇದನ್ನು ಹಿಡಿದು ನೋಡಬಹುದು. 2024-25ರ ಹಣಕಾಸು ವರ್ಷದಲ್ಲಿ 67,090 ಕೋಟಿ ಯೆನ್ ನಷ್ಟ, 20,000 ಉದ್ಯೋಗ ಕಡಿತ, 17 ಕಾರ್ಖಾನೆಗಳನ್ನು 10ಕ್ಕೆ ಇಳಿಸುವ ಯೋಜನೆ. ಅಮೆರಿಕದಲ್ಲಿ ಹಳೆ ಮಾದರಿಗಳನ್ನು ರಿಯಾಯಿತಿಯ ಮೇಲೆ ಮಾರಿದ್ದು, ಹೈಬ್ರಿಡ್ ಬೇಡಿಕೆ ಏರಿದಾಗ ಅಲ್ಲಿ ಮಾರಲು ಹೈಬ್ರಿಡ್ ಇಲ್ಲದಿದ್ದದ್ದು. ಇದು ಮೊದಲು ಕಾರಿನ ಕಾಯಿಲೆ.

ಉತ್ತರ — ಹಳೇಎಂಜಿನ್

ಉದ್ಯೋಗದ ಷರತ್ತಿನ ಬಗ್ಗೆ ಒಂದು ಎಚ್ಚರಿಕೆ. ಕೆನಡಾ 2009ರಲ್ಲಿ ಜನರಲ್ ಮೋಟರ್ಸ್‌ಗೆ ದೊಡ್ಡ ಮೊತ್ತ ಕೊಟ್ಟಿತು. 2015ರಲ್ಲಿ ಕೊನೆಯ ಷೇರು ಮಾರಿ ಹೊರಬಂತು. 2019ರ ಡಿಸೆಂಬರಿನಲ್ಲಿ ಒಷಾವಾ ಕಾರ್ಖಾನೆಯಲ್ಲಿ ವಾಹನ ಜೋಡಣೆ ನಿಂತಿತು. ಟ್ರಕ್ಕಿಗೆ ಬೇಡಿಕೆ ಏರಿದ ಮೇಲೆ 2021ರಲ್ಲಿ ಮತ್ತೆ ತೆರೆದರು. ತೆರೆದದ್ದು ಮಾರುಕಟ್ಟೆ, ಸರ್ಕಾರದ ಷರತ್ತಲ್ಲ.

ಸ್ವೀಡನ್ ಬೇರೆ ದಾರಿ ಹಿಡಿಯಿತು. ಕಾರು ಕಾರ್ಖಾನೆಯ ಮಾಲೀಕನಾಗಲು ಸರ್ಕಾರ ಒಪ್ಪಲಿಲ್ಲ, ಸಾಬ್ ಕಾರು ಕಂಪನಿಯ ವಿಷಯದಲ್ಲಿ ಯೂರೋಪಿಯನ್ ಹೂಡಿಕೆ ಬ್ಯಾಂಕಿನ ಸಾಲಕ್ಕೆ ಜಾಮೀನು ಮಾತ್ರ ನಿಂತಿತು. 2010ರಲ್ಲಿ ಸಾಬ್ ಪುಟ್ಟ ಸ್ಪೈಕರ್ ಕಂಪನಿಯ ಕೈಸೇರಿತು. ಬಾಕಿ ಸಿಗದೆ ಪೂರೈಕೆದಾರರು ಬಿಡಿಭಾಗ ನಿಲ್ಲಿಸಿದರು, 2011ರ ಡಿಸೆಂಬರಿನಲ್ಲಿ ದಿವಾಳಿ. 2010ರಲ್ಲೇ, ಅದೇ ದೇಶದ ವೋಲ್ವೊ ಕಾರ್ಸ್ ಅನ್ನು ಫೋರ್ಡ್ ಚೀನಾದ ಗೀಲಿಗೆ ಮಾರಿತ್ತು. ಹೊಸ ಮಾಲೀಕ ಹೊಸ ತಳಹದಿಗೆ, ಎಂಜಿನ್ನಿಗೆ ಹಣ ಹಾಕಿದ; ವೋಲ್ವೊ ಬೆಳೆಯಿತು.

ಮುಚ್ಚಲೇಬೇಕಿದ್ದರೆ ಸಮಯ ಕೊಟ್ಟು ಮುಚ್ಚಬೇಕು. ಆಸ್ಟ್ರೇಲಿಯಾದ ಹೋಲ್ಡನ್ 2013ರ ಡಿಸೆಂಬರಿನಲ್ಲಿ ಹೇಳಿ 2017ರ ಅಕ್ಟೋಬರಿನಲ್ಲಿ ಕೊನೆಯ ಕಾರು ಹೊರತಂದಿತು. ಆ ನಾಲ್ಕು ವರ್ಷ ಬಿಡಿಭಾಗದವರಿಗೆ ಬೇರೆ ಉದ್ಯಮಕ್ಕೆ ಹೊರಳಲು, ಕೆಲಸಗಾರರಿಗೆ ಸಂಬಳ ಇರುವಾಗಲೇ ಬೇರೆ ಕೆಲಸ ಕಲಿಯಲು ಸಿಕ್ಕ ಕಾಲ. ಎಂಜಿ ರೋವರಿನ ಲಾಂಗ್‌ಬ್ರಿಜ್ ಕಾರ್ಖಾನೆಯ 6,000 ಮಂದಿಗೆ ಸಿಕ್ಕಿದ್ದು ಒಂದು ವಾರ.

ಉತ್ತರ — ಕಲಂ363

ಸರ್ಕಾರ ಹಣ ಹಾಕಿಯೂ ಕೆಡದ ಒಂದು ಉದಾಹರಣೆ ಇಲ್ಲಿ ಬಿಟ್ಟುಹೋಗಿದೆ: ಪೆಜೊ-ಸಿಟ್ರೊಯೆನ್. 2014ರಲ್ಲಿ ಫ್ರಾನ್ಸ್ ಸರ್ಕಾರ 80 ಕೋಟಿ ಯೂರೊ, ಚೀನಾದ ಡಾಂಗ್‌ಫೆಂಗ್ ಅಷ್ಟೇ ಮೊತ್ತ ಹಾಕಿ ತಲಾ ಸುಮಾರು 14% ಪಡೆದವು. ಪೆಜೊ ಕುಟುಂಬದ ಪಾಲೂ 14%ಕ್ಕೆ ಇಳಿಯಿತು, ಅಂದರೆ ಹಳೆ ಮಾಲೀಕ ತನ್ನ ಹಿಡಿತವನ್ನು ಬೆಲೆಯಾಗಿ ತೆತ್ತ. ಸರ್ಕಾರದ ಜೊತೆಗೆ ಅದೇ ಬೆಲೆಗೆ ಹೊರಗಿನವನೊಬ್ಬ ಸ್ವಂತ ಹಣ ಹಾಕಿದ್ದು ಮುಖ್ಯ. ಅದು ಬೆಲೆಗೆ ಸಾಕ್ಷಿ. ಯೂರೋಪಿನ ನಿಯಮಗಳೂ ಇದನ್ನೇ ಬಯಸುತ್ತವೆ: ಪುನಶ್ಚೇತನದ ನೆರವು ಪಡೆದ ದೊಡ್ಡ ಕಂಪನಿ ಖರ್ಚಿನ ಅರ್ಧವನ್ನಾದರೂ ತಾನೇ ಹೊಂದಿಸಬೇಕು, ಹತ್ತು ವರ್ಷದೊಳಗೆ ಎರಡನೆಯ ಸಲ ಕೇಳುವಂತಿಲ್ಲ. ಹೊಸ ಮುಖ್ಯಸ್ಥ ಕಾರ್ಲೋಸ್ ತವಾರೆಸ್ ಬಂದು 45 ಮಾದರಿಗಳನ್ನು 26ಕ್ಕೆ ಇಳಿಸುವ ಯೋಜನೆ ಹಾಕಿದರು, ರಿಯಾಯಿತಿ ಕಡಿಮೆ ಮಾಡಿದರು. 2017ರಲ್ಲಿ ಸರ್ಕಾರ ತನ್ನ ಪಾಲನ್ನು ಸರ್ಕಾರಿ ಹೂಡಿಕೆ ಬ್ಯಾಂಕಿಗೆ 192 ಕೋಟಿ ಯೂರೊಗೆ ವರ್ಗಾಯಿಸಿತು.

ಅದೇ ವರ್ಷ ಪೆಜೊ-ಸಿಟ್ರೊಯೆನ್ ಜನರಲ್ ಮೋಟರ್ಸ್‌ನಿಂದ ಓಪೆಲ್ ಅನ್ನು ಕೊಂಡಿತು. ಓಪೆಲ್ 1999ರಿಂದ ಲಾಭ ಕಂಡಿರಲಿಲ್ಲ. 2009ರಲ್ಲಿ ಜರ್ಮನಿ ಅದಕ್ಕೆ 150 ಕೋಟಿ ಯೂರೊ ಸೇತುಸಾಲದ ವ್ಯವಸ್ಥೆ ಮಾಡಿತ್ತು, ರೋಗ ವಾಸಿಯಾಗಿರಲಿಲ್ಲ. ಹೊಸ ಮಾಲೀಕ ಒಂಬತ್ತು ತಳಹದಿಗಳನ್ನು ಎರಡಕ್ಕೆ ಇಳಿಸುವ ಕೆಲಸ ಹಿಡಿದ. 2018ರಲ್ಲಿ ಓಪೆಲ್ 85.9 ಕೋಟಿ ಯೂರೊ ಕಾರ್ಯಾಚರಣೆ ಲಾಭ ತೋರಿಸಿತು.